ನೇಪಾಳದ ಜಂಪರ್ ಪೀಸು

ನಮ್ಮ ಎದುರು ಮನೆಯ ಅಮ್ಮಾರು ತೀರಿಕೊಂಡ ದಿನ, ಪಿ.ಜೆ. ಬಡಾವಣೆಯ ಆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಕುರ್ಚಿಗಳಲ್ಲಿ ಕೂತಿದ್ದ ಬಂಧುಬಳಗ ಅಳುವ ಕೆಲಸವನ್ನು ಬೇಗ ಮುಗಿಸಿಕೊಂಡು ಒಂದೇ ಮಾತಿಗೆ ಬಂದು ನಿಂತಿತು. "ಎಲ್ಲಾ ಸರಿ ಕಣ್ರಿ, ಈಯಮ್ಮಗೆ ನೇಪಾಳ ಯಾಕ ಬೇಕಾಗಿತ್ತು?" ದೂರದ ನೆಂಟರೊಬ್ಬರು ಟೀ ಲೋಟ ಹಿಡಿದುಕೊಂಡೇ, "ನಮ್ ದಾವಣಗೆರ್ಯಾಗೆ ಬಡವ್ರು ಖಾಲಿ ಆಗಿದ್ರಾ?" ಎಂದರು. ಅವರ ಪಕ್ಕದವರು, "ಮಠಕ್ಕೆ ಕೊಟ್ಟಿದ್ರೆ ಕಲ್ಲಿನ ಮ್ಯಾಲೆ ಹೆಸರಾದ್ರೂ ಕೆತ್ತಿಸ್ತಿದ್ರು" ಎಂದರು.

ಈ ಪ್ರಶ್ನೆ ನನಗೆ ಹೊಸದಲ್ಲ. ಎಷ್ಟೋ ವರ್ಷ ನಾನೂ ಅದನ್ನೇ ಕೇಳಿಕೊಂಡು ಅವರ ಹಿಂದೆ ತಿರುಗಿದವಳು. ನನಗೆ ಕುತೂಹಲ ಸ್ವಲ್ಪ ಜಾಸ್ತಿ. ಎದುರು ಮನೆಯಲ್ಲಿ ಕುಕ್ಕರ್ ಕೂಗಿದರೆ ಒಳಗಿರುವುದು ಬೇಳೆಯೋ ಅನ್ನವೋ ತಿಳಿಯುವ ತನಕ ಇವಳು ಊಟಕ್ಕೆ ಕೂರುವುದಿಲ್ಲ ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಅಷ್ಟೂ ಕುತೂಹಲ ಇಲ್ಲದಿದ್ದರೆ ಹೇಗೆ?

ಅಮ್ಮಾರು ಮಾಡುತ್ತಿದ್ದದ್ದು ಇಷ್ಟು. ನೇಪಾಳದಲ್ಲಿ ಹೆಂಗಸರಿಗೆ ನೇಯ್ಗೆ ಕಲಿಸುವ ಒಂದು ಮನೆಯಿದೆ. ಗಂಡ ಸತ್ತವರು, ಗಂಡ ಬಿಟ್ಟವರು, ಬೆಟ್ಟದ ಊರುಗಳಿಂದ ಹೊಟ್ಟೆಪಾಡಿಗೆ ಇಳಿದು ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದವರು ಅಲ್ಲಿ ಬಂದು ಮಗ್ಗದ ಮುಂದೆ ಕೂರುತ್ತಾರೆ. ಒಬ್ಬಾಕೆ ಕಲಿಯುವಷ್ಟು ಕಾಲ ಅವಳ ಊಟ, ವಸತಿ, ನೂಲಿನ ಖರ್ಚು ಅಮ್ಮಾರದು. ಅವಳು ಕಲಿತು ತನ್ನ ದಾರಿ ಹಿಡಿದರೆ ಮುಂದಿನವಳು. ಯಜಮಾನರು ಬಿಟ್ಟುಹೋದ ಹಳೆಯ ಜವಳಿ ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದರಲ್ಲ, ಆ ಬಾಡಿಗೆ ಪೂರ್ತಿ ಅಲ್ಲಿಗೇ ಹೋಗುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ನಾನು, "ನಿಮ್ಮ ಬಗ್ಗೆ ಪೇಪರಿಗೆ ಬರೀತೀನಿ" ಎಂದಾಗ ಕೈಮುಗಿದು ಬಿಟ್ಟಿದ್ದರು. "ಬರ್ಕೋ ತಾಯಿ, ಹೆಸರು ಮಾತ್ರ ಹಾಕ್ಬ್ಯಾಡ. ಹೆಸರು ಹಾಕಿಸ್ಕೊಳ್ಳೋರಿಗೆ ಸರ್ಕಲ್ಲಿನಾಗೆ ಬೇಕಾದಷ್ಟು ಫ್ಲೆಕ್ಸ್ ಅದಾವೆ."

ಅಮ್ಮಾರನ್ನು ಮೊದಲ ಸಲ ನೋಡಿದವರು ಗಾಬರಿಯಾಗುತ್ತಿದ್ದರು. ನಮಸ್ಕಾರ, ಕೂಡ್ರಿ, ಚೆನ್ನಾಗಿದ್ದೀರಾ ಎನ್ನುವುದಕ್ಕೂ ಮುಂಚೆ ಅವರ ಕೈ ಎದುರಿದ್ದವರ ಸೆರಗಿಗೆ ಹೋಗುತ್ತಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯ ಅಂಚು ಹಿಡಿದು ಒಮ್ಮೆ ತಿಕ್ಕಿ, ಹಿಂದುಮುಂದು ತಿರುಗಿಸಿ ನೋಡಿ ಆಮೇಲೆ ಮುಖ ನೋಡುವುದು. ನಾವು ಈ ಬಡಾವಣೆಗೆ ಬಂದ ದಿನ ನನಗೂ ಹಾಗೇ ಆಯಿತು. ಹಾಲುಕ್ಕಿಸಿದ ಸಂಭ್ರಮದಲ್ಲಿ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದೆ. ಬಂದವರೇ ಸೆರಗು ಹಿಡಿದು, "ಹತ್ತಿ ಅಂತ ಕೊಟ್ನಾ?" ಎಂದರು. ಹೌದೆಂದೆ. "ಅರ್ಧ ಹತ್ತಿ ಐತೆ. ಇನ್ನರ್ಧ ಅವನ ಬಾಯಾಗೈತೆ" ಎಂದರು. ಮದುವೆಮನೆಯೊಂದರಲ್ಲಿ ಬೀಗರಿಗೆ ಶಾಲು ಹೊದಿಸಿದಾಗ ಅಕ್ಷತೆ ಹಾಕಲು ಹೋದ ಅಮ್ಮಾರು ಆ ಶಾಲನ್ನು ಎಲ್ಲರ ಮುಂದೆ ತಿಕ್ಕಿ ನೋಡಿ ಮುಖ ಸಿಂಡರಿಸಿದ್ದರು. ಬೀಗರು ಆ ಶಾಲನ್ನು ಊಟಕ್ಕೆ ಏಳುವ ಹೊತ್ತಿಗೆ ಕುರ್ಚಿಯ ಮೇಲೇ ಬಿಟ್ಟು ಹೋದರು.

ಯಜಮಾನರಿಗೆ ಆರೋಗ್ಯ ಕೆಟ್ಟ ವರ್ಷಗಳಲ್ಲಿ ಜವಳಿ ಅಂಗಡಿಯ ಗದ್ದುಗೆಯ ಮೇಲೆ ಇವರೇ ಕೂತಿದ್ದರಂತೆ. ಅವರು ಹೋದ ಮೇಲೆ ಮಗ ಬೇರೆ ವ್ಯಾಪಾರ ಹಿಡಿದ. ಅಂಗಡಿ ಬೇರೆಯವರ ಕೈಗೆ ಹೋಯಿತು. ಬೆರಳು ಮಾತ್ರ ಕೇಳಬೇಕಲ್ಲ.

ನೇಪಾಳ ಹೇಗೆ ಗಂಟುಬಿತ್ತು ಎಂಬುದು ಗೊತ್ತಿತ್ತು. ಇಲ್ಲಿಯ ಹೆಂಗಸರ ಗುಂಪಿನ ಜೊತೆ ಕಾಶಿ ಯಾತ್ರೆಗೆ ಹೋದವರು ಹಾಗೇ ಪಶುಪತಿನಾಥನ ದರ್ಶನಕ್ಕೂ ಹೋದರು. ಉಳಿದವರು ರುದ್ರಾಕ್ಷಿ ಚೌಕಾಸಿ ಮಾಡುವಾಗ ಇವರ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಒಂದು ಓಣಿಯ ಕಟ್ಟೆಯ ಮೇಲೆ ಕೂತರು. ಒಳಗಿನಿಂದ ಮಗ್ಗದ ಸದ್ದು ಬಂತು. ಎದ್ದು ಬರಿಗಾಲಲ್ಲಿ ಒಳಗೆ ಹೋದರು. ಗುಂಪಿನವರು ಬಸ್ಸಿನಲ್ಲಿ ಕೂತು ಇವರನ್ನು ಶಪಿಸುತ್ತಾ ಕಾದರಂತೆ. ಅಲ್ಲಿಗೆ ಎಲ್ಲರಿಗೂ ಗೊತ್ತಿದ್ದ ಕಥೆ ಮುಗಿಯುತ್ತದೆ. ಒಳಗೆ ಹೋದ ಮೇಲೆ ಏನಾಯಿತು, ದುಡ್ಡು ಕಳಿಸುವಂಥದ್ದು ಏನು ಕಂಡರು, ಅದನ್ನು ಕೇಳಿದರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಉತ್ತರ.

ಮಠದ ಸ್ವಾಮಿಗಳು ಕೇಳಿದಾಗ, "ಪಶುಪತಿನಾಥ ಕನಸಿನಾಗೆ ಬಂದು ಹೇಳ್ದ ಬುದ್ಧಿ" ಎಂದರಂತೆ. ಮಗ ಕೇಳಿದಾಗ, "ಅಲ್ಲಿ ನಮ್ಮ ನೆಂಟರು ಯಾರೂ ಇಲ್ಲಪ್ಪ. ಅವರಿಗೆ ಕೊಟ್ರಿ, ನಮಗ್ಯಾಕ ಕೊಡ್ಲಿಲ್ಲ ಅಂತ ಯಾರೂ ಮುನಿಸ್ಕೊಳ್ಳಲ್ಲ" ಎಂದರು. ನಾನು ಕೇಳಿದಾಗ, "ಚಳಿ ದೇಶ ಕಣವ್ವ, ಬಟ್ಟೆ ಬೇಕಾಗ್ತೈತೆ" ಎಂದು ನನ್ನ ಕೈಗೆ ಚಕ್ಕುಲಿ ಕೊಟ್ಟು ಬಾಯಿ ಮುಚ್ಚಿಸಿದರು. ಚಕ್ಕುಲಿ ತಿಂದೆ, ಉತ್ತರ ನಂಬಲಿಲ್ಲ.

ಭಾನುವಾರಗಳಂದು ನೇಪಾಳದಿಂದ ವಿಡಿಯೋ ಕಾಲ್ ಬರುತ್ತಿತ್ತು. ಅಮ್ಮಾರಿಗೆ ಫೋನೆಂದರೆ ಕಿವಿಗೆ ಇಟ್ಟುಕೊಳ್ಳುವ ವಸ್ತು. ವಿಡಿಯೋ ಆಗಲಿ ಮತ್ತೊಂದಾಗಲಿ, ಕಿವಿಗೇ. "ಅಮ್ಮಾರೆ, ಮುಖದ ಮುಂದೆ ಹಿಡೀರಿ" ಎಂದರೆ, "ಮುಖದಾಗೆ ಕೇಳಿಸ್ತೈತಾ?" ಎನ್ನುವರು. ಹೀಗಾಗಿ ಆ ಹೆಂಗಸರು ಕಂಡದ್ದು ಬರೀ ಇವರ ಕಿವಿ ಮತ್ತು ಅದರ ಬೆಂಡೋಲೆ. ಅಮ್ಮನಿಗೆ ಅವರ ಭಾಷೆಯಲ್ಲಿ ಆಮಾ ಎನ್ನುತ್ತಾರೆ. ಕಿವಿ ಮಾತ್ರ ಕಾಣುವ ಅಮ್ಮ ಎಂದು ಇವರಿಗೆ 'ಕಾನ್ ಆಮಾ' ಎಂದು ಹೆಸರಿಟ್ಟಿದ್ದರು. ನಮ್ಮ ಬಜಾರಿನ ಹಿಂದಿಯಲ್ಲಿ ಅಮ್ಮಾರ ಮಾತುಕತೆ ಎರಡೇ ಪ್ರಶ್ನೆಯಿಂದ ಶುರು: "ಖಾನಾ ಹುವಾ ಕ್ಯಾ? ದಾಗಾ ಟೂಟಾ ಕ್ಯಾ?" ಊಟ ಆಯಿತೇ, ನೂಲು ತುಂಡಾಯಿತೇ. ಈ ಎರಡಕ್ಕೆ ಸರಿಯಾದ ಉತ್ತರ ಬಂದರೆ ಅವರ ಮಟ್ಟಿಗೆ ನೇಪಾಳ ಕ್ಷೇಮ.

ಇನ್ನು ಜಂಪರ್ ಪೀಸಿನ ವಿಷಯ. ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಜೊತೆಗೊಂದು ಜಂಪರ್ ಪೀಸು, ಅಂದರೆ ರವಿಕೆ ಕಣ, ಹಾಕಿ ಉಡಿ ತುಂಬಿ ಕಳಿಸುವುದು ನಮ್ಮಲ್ಲಿ ಎಲ್ಲ ಮನೆಯ ಪದ್ಧತಿ. ಆ ಪೀಸನ್ನು ಯಾರೂ ಹೊಲಿಸುವುದಿಲ್ಲ ಎಂಬುದೂ ಎಲ್ಲ ಮನೆಯ ಪದ್ಧತಿ. ಅವರು ಇವರಿಗೆ, ಇವರು ಇನ್ನೊಬ್ಬರಿಗೆ, ಮಡಿಕೆ ಬಿಚ್ಚದೆ ಅದು ಊರು ಸುತ್ತುತ್ತಲೇ ಇರುತ್ತದೆ. ಅಮ್ಮಾರಿಗೆ ಇದನ್ನು ಕಂಡರೆ ಉರಿ. "ಹಾಕ್ಕೊಳ್ಳೋಕೆ ಬರದ ಬಟ್ಟೇನ ಉಡಿಗೆ ಹಾಕೋದೇನು? ಅದೇನು ಬಟ್ಟೆನೋ, ಮುನ್ಸಿಪಾಲ್ಟಿ ನೋಟೀಸೋ?" ಅವರ ಮನೆಯಲ್ಲಿ ಸೊಸೆ ಯಾರಿಗಾದರೂ ಉಡಿ ತುಂಬಲು ಬೀರು ತೆಗೆದ ಸದ್ದಾದರೆ ಸಾಕು, ಒಳಕೋಣೆಯಿಂದಲೇ ಕೂಗುತ್ತಿದ್ದರು: "ಇದ್ದದ್ದರಾಗೆ ಚಲೋದು ಕೊಡವ್ವಾ!" ತಾವು ಮಾತ್ರ ಹೊರಗೆ ಬರುತ್ತಿರಲಿಲ್ಲ. ಮೊಣಕಾಲು ನೋವು ಎಂದುಕೊಂಡಿದ್ದೆ.

ಸೊಸೆ ಒಳ್ಳೆಯ ಹುಡುಗಿ, ಹೇಳಿದ ಮಾತು ಮೀರುವವಳಲ್ಲ. ಎಡವಟ್ಟಾದದ್ದೂ ಅದರಿಂದಲೇ.

ಆ ವರ್ಷ ಕಲಿಯುತ್ತಿದ್ದವಳ ಹೆಸರು ಧನಮಾಯಾ. ಹೋಟೆಲಿನಲ್ಲಿ ತಟ್ಟೆ ತೊಳೆದು ತೊಳೆದು ಅವಳ ಬೆರಳ ಸಂದುಗಳು ಬಿರಿದಿದ್ದವು. ಕಲಿಕೆ ಮುಗಿಯುವಾಗ ಯಾರ ಮಾದರಿಯನ್ನೂ ನೋಡದೆ ತಾನೇ ಒಂದು ಬಟ್ಟೆ ನೇಯ್ದಳು. ಕೆಂಪು ನೆಲದ ಮೇಲೆ ಕಪ್ಪು ಮೆಟ್ಟಿಲುಗಳು, ಮೆಟ್ಟಿಲ ತುದಿಗೊಂದು ಕತ್ತು ತಿರುಗಿಸಿದ ಹಕ್ಕಿ. ಕಾಗದದ ಮೇಲೆ ಬರೆದುಕೊಂಡದ್ದಲ್ಲ, ಕೈಗೆ ತೋಚಿದ ಹಾಗೆ ಎಳೆ ಸೇರಿಸುತ್ತಾ ಹೋದದ್ದು. ಮೊದಲ ಬಟ್ಟೆಯನ್ನು ಕಾನ್ ಆಮಾ ಮುಟ್ಟಿ ನೋಡಿ ವಾಪಸು ಕಳಿಸಲಿ ಎಂದು ಇಲ್ಲಿಗೆ ಕಳಿಸಿದಳು. ಅಮ್ಮಾರು ಅದನ್ನು ತಿಕ್ಕಿ, ತಿರುಗಿಸಿ, ಮೂಗಿಗೆ ಹಿಡಿದು, ಮತ್ತೆ ತಿಕ್ಕಿದರು. "ನೂಲಿಗೆ ಮೋಸ ಇಲ್ಲ" ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನಾಲ್ಕು ದಿನ ಇಟ್ಟುಕೊಂಡು ಕಳಿಸೋಣವೆಂದು ಮಡಿಸಿ ಬೀರುವಿನಲ್ಲಿಟ್ಟರು.

ಅದು ಶ್ರಾವಣ. ಲೋಕಿಕೆರೆಯಿಂದ ಯಜಮಾನರ ಕಡೆಯ ಸಂಬಂಧಿಯೊಬ್ಬರು ಗೃಹಪ್ರವೇಶಕ್ಕೆ ಕರೆಯಲು ಬಂದರು. ಅಮ್ಮಾರು ಆಸ್ಪತ್ರೆಗೆ ಹೋಗಿದ್ದರು. ಸೊಸೆ ಉಡಿ ತುಂಬಲು ಬೀರು ತೆಗೆದಳು. ಅತ್ತೆ ಮನೆಯಲ್ಲಿ ಇಲ್ಲದಿದ್ದರೂ ಅತ್ತೆಯ ಮಾತು ಕಿವಿಯಲ್ಲಿತ್ತು. ಇದ್ದದ್ದರಲ್ಲಿ ಚಲೋದು ಯಾವುದು ಎಂದು ಹುಡುಕಿ, ಕೆಂಪು ಬಟ್ಟೆಯನ್ನು ಎಳೆದು ಲೋಕಿಕೆರೆಯವರ ಉಡಿಗೆ ಹಾಕಿ ಕಳಿಸಿದಳು.

ಆಸ್ಪತ್ರೆಯ ಓಡಾಟದಲ್ಲಿ ಅಮ್ಮಾರ ನಾಲ್ಕು ದಿನ ಹೋಗಿ ತಿಂಗಳುಗಳಾಗಿ, ಗೊತ್ತಾದದ್ದು ತಡವಾಗಿ. ಒಂದು ಭಾನುವಾರ ಬೆಳಿಗ್ಗೆ ಧನಮಾಯಾಳ ದನಿ ಫೋನಿನಲ್ಲಿ ಕುಣಿಯುತ್ತಿತ್ತು. ಕಾಠ್ಮಂಡುವಿನ ಒಬ್ಬ ಅಂಗಡಿಯವರು ಅವಳ ಬಟ್ಟೆಯ ಫೋಟೋ ನೋಡಿ ಅದೇ ಬೇಕು, ತುಂಬ ಬೇಕು ಎಂದಿದ್ದರು. ಮಗ್ಗ ಹೂಡಿ ಕೂತರೆ ಮೆಟ್ಟಿಲು ಹೇಗೋ ಬರುತ್ತದೆ, ಹಕ್ಕಿ ಬರುತ್ತಿಲ್ಲ. ಫೋಟೋ ದೂರದಿಂದ ತೆಗೆದದ್ದು, ಅದರಲ್ಲಿ ಹಕ್ಕಿ ಕಾಣುತ್ತದೆ, ಎಳೆ ಕಾಣುವುದಿಲ್ಲ. ಬಟ್ಟೆ ಕೈಗೆ ಬಂದರೆ ನೋಡಿಕೊಂಡು ನೇಯುತ್ತೇನೆ. ನೇಯ್ದು ತೋರಿಸದಿದ್ದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ, ನಾನು ಮತ್ತೆ ತಟ್ಟೆ ತೊಳೆಯಲು ಹೋಗಬೇಕು. ಇಷ್ಟನ್ನೂ ಅವಳು ನಗುತ್ತಲೇ ಹೇಳಿದಳು, ಬಟ್ಟೆ ಇಲ್ಲಿ ಭದ್ರವಾಗಿದೆ ಎಂಬ ಧೈರ್ಯದ ಮೇಲೆ.

ಅಮ್ಮಾರು ಬೀರು ತೆಗೆದರು. ಮೇಲಿನ ಅರೆ, ಕೆಳಗಿನ ಅರೆ, ಎಲ್ಲ ನೆಲಕ್ಕೆ ಬಂತು. ಸೊಸೆ ಬಾಗಿಲಲ್ಲಿ ನಿಂತು, "ಅತ್ತಿ, ಕೆಂಪುದಾ? ಮೆಟ್ಲು ಮೆಟ್ಲು ಇರೋದಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಅಳಲು ಶುರುಮಾಡಿದಳು.

ಅಮ್ಮಾರು ಬೈಯಲಿಲ್ಲ. "ಅಳಬ್ಯಾಡ. ನಾನೇ ಹೇಳಿದ್ದು ನೀನು ಮಾಡೀಯ" ಎಂದು ನನ್ನ ಕಡೆ ತಿರುಗಿದರು. "ಟೀಚರಮ್ಮ, ನಡಿ ಲೋಕಿಕೆರೆಗೆ."

ಹುಡುಕಾಟ ಶುರುವಾಯಿತು. ನನಗಂತೂ, ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿ. ಜಂಪರ್ ಪೀಸುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಬೆನ್ನು ಹತ್ತಿ ನೋಡುವ ಭಾಗ್ಯ ಯಾರಿಗೆ ಸಿಗುತ್ತದೆ?

ಲೋಕಿಕೆರೆಯಾಕೆ ಹೊಸಮನೆಯೆಲ್ಲ ತೋರಿಸಿ, ಮಿರ್ಚಿ ಕರಿದು ಕೊಟ್ಟು, ಕೆಂಪು ಬಟ್ಟೆಯ ಮಾತು ಬಂದ ಕೂಡಲೇ, "ಹೊಲಿಸಾಕೆ ಕೊಟ್ಟೀನ್ರಿ, ಟೇಲರ್ ಹತ್ರ ಐತೆ" ಎಂದರು.

"ಯಾವ ಟೇಲರ್ರು?" ಎಂದರು ಅಮ್ಮಾರು.

"ಇಲ್ಲೇ... ಬಸ್ ಸ್ಟ್ಯಾಂಡ್ ಹತ್ರ..."

"ನಡೀರಿ, ಹೋಗಿ ಇಸ್ಕೊಂಬರಾಣ."

ಆಕೆಯ ಮುಖ ನೋಡಬೇಕಿತ್ತು. ಕೊಟ್ಟ ಬಟ್ಟೆಯನ್ನು ಮುಂದಕ್ಕೆ ದಾಟಿಸಿದೆ ಎಂದು ಕೊಟ್ಟವರ ಎದುರೇ ಒಪ್ಪಿಕೊಳ್ಳುವುದುಂಟೇ? ಮಿರ್ಚಿ ತಟ್ಟೆಯನ್ನು ನಮ್ಮ ಕಡೆ ಇನ್ನಷ್ಟು ಸರಿಸಿ, "ಆನೆಕೊಂಡದ ನಮ್ಮ ಚಿಕ್ಕಮ್ಮಗೆ ಕೊಟ್ಟೆ ಅಮ್ಮಾರೆ, ತಪ್ಪು ತಿಳ್ಕೋಬ್ಯಾಡ್ರಿ" ಎಂದರು. ಹೊರಡುವಾಗ ನನಗೆ ಉಡಿ ತುಂಬಿದರು. ಅಮ್ಮಾರ ಕೈಗೆ ಬಾಳೆಹಣ್ಣು ಕೊಟ್ಟರು.

ಆನೆಕೊಂಡದ ಚಿಕ್ಕಮ್ಮ ಹಿರಿಯರು, ಗಟ್ಟಿ ದನಿಯವರು. ಅವರು ಸುಳ್ಳು ಹೇಳುವ ಗೋಜಿಗೇ ಹೋಗದೆ ಟ್ರಂಕು ತೆಗೆದು ನಮ್ಮ ಮುಂದಿಟ್ಟರು. ಒಳಗೆ ಜಂಪರ್ ಪೀಸುಗಳ ಗುಡ್ಡೆ. "ನೋಡ್ಕೊಳ್ರಿ, ಯಾವುದು ನಿಮ್ದು? ಎಲ್ಲಾ ಹಂಗೇ ಅದಾವೆ." ಅಮ್ಮಾರು ಒಂದೊಂದನ್ನೇ ಎತ್ತಿ ತಿಕ್ಕಿ, ನಿಟ್ಟುಸಿರುಬಿಟ್ಟು ಕೆಳಗಿಟ್ಟರು. ಕೆಂಪುದು ಇರಲಿಲ್ಲ. ಆಮೇಲೆ ಚಿಕ್ಕಮ್ಮನಿಗೇ ನೆನಪಾಯಿತು. ಮೊಮ್ಮಗಳ ಸೀಮಂತಕ್ಕೆ ಅಡುಗೆ ಮಾಡಲು ಹರಿಹರದಿಂದ ಒಬ್ಬಾಕೆ ಬಂದಿದ್ದಳು, ಅಲ್ಲಿ ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ಅದನ್ನು ಅವಳಿಗೆ ಕೊಟ್ಟಿದ್ದರು. "ಗಂಡ ಬಿಟ್ಟಾಕಿ. ಉಡಿ ತುಂಬಾಕೆ ಬರಲ್ವಲ್ಲ, ಕವರ್‌ನಾಗೆ ಹಾಕಿ ಕೊಟ್ಟೆ" ಎಂದು ನಮ್ಮ ಅಮ್ಮಾರ ಮುಖ ನೋಡಿಕೊಂಡೇ ಹೇಳಿದರು. ಅಮ್ಮಾರು, "ವಿಳಾಸ ಹೇಳ್ರಿ" ಎಂದರು. ಅಲ್ಲೂ ನನಗೆ ಉಡಿಯಾಯಿತು. ಅಮ್ಮಾರಿಗೆ ಟೀ.

ಆಟೋದಲ್ಲಿ ಕೂತಾಗ ಅಮ್ಮಾರು ನನ್ನ ಚೀಲ ಮುಟ್ಟಿ ನೋಡಿ, "ಹಿಂಗೇ ಇನ್ನೆರಡು ಮನೆ ತಿರುಗಿದ್ರೆ ನೀನೇ ಜವಳಿ ಅಂಗಡಿ ಇಡಬೌದು" ಎಂದು ನಕ್ಕರು. ನಾನೂ ನಕ್ಕೆ.

ಹರಿಹರದಲ್ಲಿ ಬಸ್ಸಿಳಿದು ಹೊಳೆ ಕಡೆ ಹೋಗುವ ಓಣಿಯಲ್ಲಿ ಕೇಳಿಕೊಂಡು ನಡೆಯುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಮುಂದೆ ಒಬ್ಬ ಹೆಂಗಸು ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಡಬರಿ ಇಟ್ಟುಕೊಂಡು ಹೋಗುತ್ತಿದ್ದಳು. ಮಾಸಿದ ನೀಲಿ ಸೀರೆ. ಅಮ್ಮಾರು ಇದ್ದಕ್ಕಿದ್ದಂತೆ ನನ್ನ ಕೈ ಬಿಟ್ಟು, ಆ ಮೊಣಕಾಲು ನೋವಿನಲ್ಲೂ ದಾಪುಗಾಲು ಹಾಕಿ ಅವಳನ್ನು ಹಿಡಿದರು. ಮಾತಿಲ್ಲ ಕಥೆಯಿಲ್ಲ, ಹಿಂದಿನಿಂದ ಅವಳ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು.

ಅವಳು ಡಬರಿ ಸಮೇತ ತಿರುಗಿ, "ಯಾರ್ರೀ ನೀವು? ಏನ್ ಮಾಡ್ತಿದ್ದೀರಿ?" ಎಂದಳು.

ಕೆಂಪು ನೆಲ, ಕಪ್ಪು ಮೆಟ್ಟಿಲು. ಬೆನ್ನ ಮೇಲೆ ನಾಲ್ಕಾರು ಹಕ್ಕಿಗಳು. ಜಂಪರ್ ಹೊಲಿಸಿ ಹಾಕಿಕೊಂಡಿದ್ದಳು.

ಕತ್ತರಿ ಬಿದ್ದಿದೆ, ಇನ್ನೇನು ಉಳಿಯಿತು? ಅಮ್ಮಾರು ಮಾತ್ರ ಓಣಿಯ ನಡುವೆ ನಿಂತು ಚಪ್ಪಾಳೆ ತಟ್ಟಿದಂತೆ ಕೈಗೆ ಕೈ ಹೊಡೆದು ನಕ್ಕುಬಿಟ್ಟರು. "ಹೊಲಿಸ್ಯಾಳೆ ನೋಡೇ! ಇಷ್ಟು ಮಂದ್ಯಾಗೆ ಒಬ್ಬಾಕಿ ಹೊಲಿಸ್ಯಾಳೆ!" ನಕ್ಕು ಮುಗಿಯುವಷ್ಟರಲ್ಲಿ ಮುಖ ಇಳಿಯಿತು. "ಅಯ್ಯೋ, ಆ ಹುಡುಗಿ ಗತಿ ಏನೀಗ?"

ಅಡುಗೆಯವಳು ನಮ್ಮನ್ನು ಮನೆಗೆ ಕರೆದುಕೊಂಡು ಹೋದಳು. ಒಂದೇ ಕೋಣೆ, ಒಲೆ ಒಂದು ಮೂಲೆಗೆ. ಕಥೆ ಕೇಳಿ ಸಿಕ್ಕಿಬಿದ್ದವಳಂತೆ ಕೂತಳು. "ನನಗೇನ್ ಗೊತ್ರಿ ಅಮ್ಮಾರೆ? ಕೊಟ್ರು, ಚೆನ್ನಾಗೈತೆ ಅಂತ ಹೊಲಿಸ್ಕೊಂಡೆ. ಬಿಚ್ಚಿ ಕೊಡ್ತೀನಿ, ಕಳಿಸ್ರಿ."

"ಥೂ! ಹಾಕ್ಕೊಂಡಿದ್ದು ಬಿಚ್ಚಿಸ್ಕೊಂಡು ಹೋಗಾಕೆ ನಾವೇನು ಕಳ್ರಾ? ನೀನು ಬೆನ್ನು ತಿರುಗಿಸಿ ಕೂಡು" ಎಂದರು ಅಮ್ಮಾರು. "ಟೀಚರಮ್ಮ, ಫೋನು ಹಚ್ಚು."

ನೇಪಾಳಕ್ಕೆ ಫೋನು ಹೋಯಿತು. ಅಮ್ಮಾರು ಅಭ್ಯಾಸದಂತೆ ಕಿವಿಗೆ ಹಿಡಿದು, "ಖಾನಾ ಹುವಾ ಕ್ಯಾ?" ಎಂದು ಶುರುಮಾಡಿದರು. ಕಸಿದುಕೊಂಡು ಅಡುಗೆಯವಳ ಬೆನ್ನಿಗೆ ಹಿಡಿದೆ. ಧನಮಾಯಾ ಪರದೆಯ ಹತ್ತಿರಕ್ಕೆ ಮುಖ ತಂದಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ಕೇಳಿದ್ದು ಒಂದೇ, ಇದನ್ನು ಹಾಕಿಕೊಂಡು ಅವರು ಕೆಲಸ ಮಾಡುತ್ತಾರಾ ಎಂದು. ಹೌದು, ಅಡುಗೆ ಮಾಡುತ್ತಾರೆ ಎಂದೆ. ತಾನು ನೇಯ್ದದ್ದನ್ನು ಒಬ್ಬರು ಮೈಮೇಲೆ ಹಾಕಿಕೊಂಡಿರುವುದನ್ನು ಇದೇ ಮೊದಲ ಸಲ ನೋಡುತ್ತಿರುವುದು ಎಂದು ಹೇಳಿ, ಮಗ್ಗದ ಮುಂದೆ ಕೂತಳು.

ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು ಹರಿಹರದ ಅಡುಗೆಯವಳು ಕೂತಿದ್ದಾಳೆ. ನಾನು ಫೋನನ್ನು ಅವಳ ಬೆನ್ನಿನ ಮೇಲೆ ಇರುವೆಯಂತೆ ಮೆಲ್ಲಗೆ ಸರಿಸುತ್ತಿದ್ದೇನೆ. ಆ ಕಡೆ ನೇಪಾಳದಲ್ಲಿ ಒಬ್ಬಾಕೆ ತನ್ನ ಭಾಷೆಯಲ್ಲಿ ಎಳೆ ಎಣಿಸುತ್ತಿದ್ದಾಳೆ, ಅವಳು ನಿಲ್ಲು ಎಂದಾಗ ನಾನು ನಿಂತು, ಮುಂದೆ ಎಂದಾಗ ಮುಂದೆ. ಅಡುಗೆಯವಳಿಗೆ ಕಚಗುಳಿಯಾಗಿ ನಗು. "ಅಲುಗಾಡಬ್ಯಾಡವೇ, ಹಕ್ಕಿ ಹಾರಿ ಹೋಗ್ತಾವು" ಎಂದು ಅಮ್ಮಾರು ಗದರಿಸಿ ತಾವೇ ನಗುತ್ತಿದ್ದರು.

ಮೆಟ್ಟಿಲುಗಳೆಲ್ಲ ಸಿಕ್ಕವು. ಹಕ್ಕಿಯ ಮೈ ಸಿಕ್ಕಿತು, ಬಾಲ ಸಿಕ್ಕಿತು. ಕತ್ತು ಮಾತ್ರ ಸಿಗಲಿಲ್ಲ. ಒಂದೊಂದು ಹಕ್ಕಿಯ ಕತ್ತೂ ಹೊಲಿಗೆಯೊಳಗೋ ಮಡಿಕೆಯೊಳಗೋ ಹೋಗಿ ಕೂತಿತ್ತು. ಬೇಕಾದದ್ದೇ ಕತ್ತು, ಅದು ತಿರುಗುವ ಬಗೆಯೇ ಧನಮಾಯಾಳ ಕೈಗೆ ಮರೆತು ಹೋಗಿದ್ದದ್ದು. ಆ ಕಡೆಯಿಂದ ಸಣ್ಣ ದನಿಯಲ್ಲಿ, ಇರಲಿ ಬಿಡಿ ಆಮಾ, ಎಂಬ ಮಾತು ಬಂತು.

ಆಗ ಅಡುಗೆಯವಳು ತಲೆಗೆ ಕೈ ಹೊಡೆದುಕೊಂಡು, "ತಡೀರಿ, ಟೇಲರ್ ಉಳಿದಿದ್ ತುಂಡು ಕೊಟ್ಟಿದ್ದ" ಎಂದು ಎದ್ದಳು. ಡಬ್ಬಿಗಳ ಹಿಂದೆ ಹುಡುಕಿದಳು. ಸಿಕ್ಕಿತೆಂದು ಕಾಣುತ್ತದೆ. ಆದರೆ ಕೈಯಲ್ಲಿ ಹಿಡಿದು ಬರಲಿಲ್ಲ. ಮೊರಕ್ಕೆ ಒಂದು ಸೇರಿನಷ್ಟು ಅಕ್ಕಿ ಸುರಿದು, ಬೆಲ್ಲದ ಅಚ್ಚಿಟ್ಟು, ಅದರ ಮೇಲೆ ಆ ಕೆಂಪು ತುಂಡನ್ನು ಮಡಿಸಿಟ್ಟುಕೊಂಡು ಬಂದಳು. ಬಂದು ನೇರ ಅಮ್ಮಾರ ಮುಂದೆ ಕೂತಳು.

"ಸೆರಗು ಹಿಡೀರಿ ಅಮ್ಮಾರೆ."

ಅಮ್ಮಾರು ಹಿಂದೆ ಸರಿದರು. "ನನಗಲ್ಲವ್ವ. ಟೀಚರಮ್ಮಗೆ ತುಂಬು."

"ಹಿರೇರು ನೀವಿದ್ದಾಗ ಅವರಿಗೆ ಹೆಂಗೆ ಮೊದ್ಲು ತುಂಬ್ಲಿ?"

"ನಮ್ಮ ಯಜಮಾನ್ರು ಇಲ್ಲ ಕಣವ್ವ."

"ನಮ್ಮನೆಯೋನೂ ಇಲ್ರಿ, ಬಿಟ್ಟು ಹೋಗ್ಯಾನೆ. ಅದಕ್ಕೇನೀಗ? ಮನೆಗೆ ಬಂದೋರನ್ನ ಬರಿಗೈಲಿ ಕಳಿಸ್ಲಾ? ಹಿಡೀರಿ ಸೆರಗು, ಹೊತ್ತಾತು, ಹಾಸ್ಟೆಲ್ಲಿಗೆ ಹೋಗ್ಬೇಕು ನಾನು."

ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂತು. ಎಷ್ಟೋ ವರ್ಷದಿಂದ ಅಮ್ಮಾರು ಒಳಕೋಣೆಯಿಂದಲೇ ಏಕೆ ಕೂಗುತ್ತಿದ್ದರು ಎಂದು, ಬೆಳಗಿನಿಂದ ಪ್ರತಿ ಮನೆಯಲ್ಲೂ ನನ್ನ ಚೀಲ ಮಾತ್ರ ಏಕೆ ದಪ್ಪವಾಗುತ್ತಾ ಬಂತು ಎಂದು. ಜನ್ಮವೆಲ್ಲ ಬಟ್ಟೆ ಅಳೆದು ಕೊಟ್ಟ ಹೆಂಗಸಿಗೆ ಯಜಮಾನರು ಹೋದ ಮೇಲೆ ಈ ಊರಿನಲ್ಲಿ ಒಬ್ಬರೂ ಒಂದು ತುಂಡು ಬಟ್ಟೆಯನ್ನು ಉಡಿಗೆ ಹಾಕಿರಲಿಲ್ಲ.

ಅಮ್ಮಾರು ಸೆರಗು ಒಡ್ಡಿದರು. ಅಕ್ಕಿ ಬಿತ್ತು, ಬೆಲ್ಲ ಬಿತ್ತು, ಮೇಲೆ ಕೆಂಪು ತುಂಡು. ಅದರ ನಡುವೆ ಒಂದು ಹಕ್ಕಿ, ಪೂರ್ತಿ, ಕತ್ತು ತಿರುಗಿಸಿಕೊಂಡು.

ನನ್ನ ಕೈಯಲ್ಲಿದ್ದ ಫೋನು ಇನ್ನೂ ನಡೆಯುತ್ತಿತ್ತು. ಅದು ಮೊದಲ ಸಲ ಅಮ್ಮಾರ ಮುಖದ ಕಡೆಗಿತ್ತು. ಆ ಕಡೆಯಿಂದ ಧನಮಾಯಾ, "ಕಾನ್ ಆಮಾ, ಆಪ್ ರೋ ರಹೀ ಹೈಂ?" ಎಂದಳು. ಅಳುತ್ತಿದ್ದೀರಾ ಎಂದು.

"ಧೂಳು, ಧೂಳು. ಹರಿಹರ ಮೇ ಬಹುತ್ ಧೂಳು" ಎಂದರು ಅಮ್ಮಾರು.

ವಾಪಸು ಬರುವಾಗ ಬಸ್ಸಿನಲ್ಲಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಚೀಲದಲ್ಲಿ ಹಾಕಿಕೊಳ್ಳುತ್ತೇನೆ ಎಂದರೂ ಕೊಡಲಿಲ್ಲ. ನಾನು ಏನೂ ಕೇಳಲಿಲ್ಲ, ನಮ್ಮ ಮನೆಯವರು ಈ ಮಾತನ್ನು ನಂಬುವುದಿಲ್ಲ, ಆದರೂ ನಿಜ. ಅವರೇ ಹೇಳಿದರು.

"ಅವತ್ತು ಆ ನೇಪಾಳದ ಮನ್ಯಾಗೆ ಸುಮ್ನೆ ನೋಡ್ತಾ ಕೂತಿದ್ದೆ. ಏಳುವಾಗ ಒಬ್ಬಾಕಿ ಮಗ್ಗದಿಂದ ಆಗ್ಲೇ ಕತ್ತರಿಸಿದ್ ಬಟ್ಟೇನ ನನ್ನ ಮಡ್ಲಿಗೆ ಹಾಕಿದ್ಲು. ಗಂಡ ಇದ್ದಾನಾ ಸತ್ತಾನಾ, ಏನೂ ಕೇಳ್ಲಿಲ್ಲ. ಆಕಿಗೆ ನಮ್ಮ ಉಡಿ ಗೊತ್ತಿಲ್ಲ, ಪಡಿ ಗೊತ್ತಿಲ್ಲ. ಬಂದಾಕಿಗೆ ಕೊಡ್ಬೇಕು ಅನ್ನಿಸ್ತು, ಕೊಟ್ಲು. ಆ ಋಣ ಕಣವ್ವ." ಕಿಟಕಿಯ ಕಡೆ ತಿರುಗಿಕೊಂಡು, "ಅಷ್ಟು ದೂರ ಹೋಗ್ಬೇಕಾತು ನೋಡು ನಾನು. ಇಲ್ಲೇ ಹರಿಹರದಾಗೇ ಇತ್ತಲ್ಲ" ಎಂದರು.

ಕೆಂಪು ತುಂಡನ್ನು ಮರುದಿನವೇ ನೇಪಾಳಕ್ಕೆ ಕಳಿಸಿದರು. ಎಷ್ಟೋ ವರ್ಷಕ್ಕೆ ಉಡಿಗೆ ಬಂದದ್ದು, ಇಟ್ಟುಕೊಳ್ಳಬಾರದೇ ಎಂದು ನನಗನ್ನಿಸಿತು. "ಅಕ್ಕಿ ನಂದು, ಹಕ್ಕಿ ಅವಳ್ದು" ಎಂದು ಅಕ್ಕಿಗೆ ಪಾಯಸ ಮಾಡಿಸಿ ನನಗೂ ಒಂದು ಬಟ್ಟಲು ಕೊಟ್ಟರು. ಧನಮಾಯಾಳ ಹಕ್ಕಿಗೆ ಕತ್ತು ಬಂತು, ಅಂಗಡಿಯವರು ಒಪ್ಪಿದರು, ಅವಳು ಮತ್ತೆ ತಟ್ಟೆ ತೊಳೆಯಲು ಹೋಗಲಿಲ್ಲ. ಮುಂದಿನ ವರ್ಷ ಕಲಿಯಲು ಹರಿಹರದ ಅಡುಗೆಯವಳನ್ನೂ ನೇಪಾಳಕ್ಕೆ ಕಳಿಸುತ್ತೇನೆಂದು ಅಮ್ಮಾರು ಹೊರಟರು. ಅವಳು, "ನನಗೆ ಸೌಟೇ ಸಾಕ್ರಿ" ಎಂದು ಕೈಮುಗಿದಳು. ಕೆಲವು ತಿಂಗಳ ನಂತರ ಧನಮಾಯಾಳಿಂದ ಹೊಸ ಬಟ್ಟೆ ಬಂತು, ಅದೇ ಕೆಂಪು, ಅದೇ ಹಕ್ಕಿ. ಇದನ್ನು ವಾಪಸು ಕಳಿಸಬಾರದು ಎಂದು ಫೋನಿನಲ್ಲಿ ಹೇಳಿದ್ದಳು. ಅಮ್ಮಾರು ಅದನ್ನು ಬೀರುವಿನಲ್ಲಿಟ್ಟರು. ಆಗಾಗ ತೆಗೆದು ತಿಕ್ಕಿ ನೋಡಿ ಒಳಗಿಡುತ್ತಿದ್ದರು. ತಾವು ಹೊಲಿಸಿಕೊಳ್ಳಲಿಲ್ಲ, ಏಕೆಂದು ಈ ಸಲ ನಾನು ಕೇಳಲಿಲ್ಲ.

ಶಾಮಿಯಾನದ ಆ ದಿನ ಒಳಗೆ ಅಮ್ಮಾರಿಗೆ ವಿಭೂತಿ ಹಚ್ಚಿ ಕೂಡಿಸಿದ್ದರು. ಹೆಂಗಸರೆಲ್ಲ ಸುತ್ತ ನಿಂತಿದ್ದೆವು. ಹರಿಹರದ ಅಡುಗೆಯವಳು ಅದೇ ಜಂಪರ್ ಹಾಕಿಕೊಂಡು ಬಂದು ಬಾಗಿಲ ಹತ್ತಿರವೇ ನಿಂತಿದ್ದಳು, ಒಗೆದೊಗೆದು ಅದರ ಕೆಂಪು ಮಾಸಿತ್ತು. ಇನ್ನೇನು ಎತ್ತಬೇಕು ಎನ್ನುವಾಗ ಸೊಸೆ ಎದ್ದು ಒಳಕೋಣೆಗೆ ಹೋದಳು. ಬೀರು ತೆಗೆದ ಸದ್ದಾಯಿತು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಮೇಲೆ ಆ ಕೆಂಪು ಬಟ್ಟೆ ಇಟ್ಟುಕೊಂಡು ಬಂದು ಅತ್ತೆಯ ಸೆರಗು ಬಿಡಿಸತೊಡಗಿದಳು.

ಆನೆಕೊಂಡದ ಚಿಕ್ಕಮ್ಮ ಗಟ್ಟಿ ದನಿಯಲ್ಲಿ, "ಏನವ್ವ ಇದು? ಗಂಡ ಇಲ್ಲದಾಕಿಗೆ ಯಾರಾದ್ರೂ ಉಡಿ ತುಂಬ್ತಾರಾ?" ಎಂದರು.

ಸೊಸೆ ತಲೆಯೆತ್ತಲಿಲ್ಲ. ಅಕ್ಕಿ ಸುರಿದಳು, ಬಟ್ಟೆಯ ಮಡಿಕೆ ಸರಿಮಾಡಿ ಅತ್ತೆಯ ಮಡಿಲಿಗಿಟ್ಟಳು.

"ಇದ್ದದ್ದರಾಗೆ ಚಲೋದು ಕೊಡು ಅಂತ ಅತ್ತಿನೇ ಹೇಳ್ಯಾರೆ" ಎಂದಳು.